ಬಲಕ್ಕೆ ಸರಿಸಿದ ಕಿಟಕಿಗಳು

ನಾನು ಮನೆಗೆ ಹೊಸ ಕಿಟಕಿ ಕೂರಿಸುತ್ತಿದ್ದೇನೆಂಬ ಸುದ್ದಿ ನಮ್ಮ ಬೀದಿಯಲ್ಲೆಲ್ಲ ಹಬ್ಬಿದ್ದು ನನ್ನ ತಪ್ಪಿನಿಂದಲ್ಲ, ನನ್ನ ಬಾವಮೈದನ ಗಂಟಲಿನಿಂದ. ಅವನು ಫೋನಿನಲ್ಲಿ ಮಾತಾಡುವುದಕ್ಕೆ ಫೋನೇ ಬೇಕಾಗಿಲ್ಲ. "ಭಾವಾ, ಕಿಟಕಿ ಎಲ್ಲಾ ಬಲಗಡೆಗೇ ಬರೋ ಹಾಗೆ ಮಾಡೋಣ! ಬುಡದಿಂದಲೇ ಬಿಲ್ಡ್ ಮಾಡೋಣ!" ಎಂದು ಅವನು ಅಬ್ಬರಿಸಿದ್ದು ಮೂರು ಮನೆಗಳಾಚೆಗೂ ಕೇಳಿಸಿತ್ತು. ಮಾರನೆಯ ದಿನ ಎದುರುಮನೆಯ ದರ್ಜಿ ನನ್ನನ್ನು ಗೇಟಿನಲ್ಲೇ ತಡೆದು ನಿಲ್ಲಿಸಿದರು.

"ಎಲ್ಲಾ ಕಿಟಕೀನೂ ಒಂದೇ ಕಡೆ ಇಟ್ರೆ ಗಾಳಿ ಹೇಗ್ರೀ ಆಡುತ್ತೆ? ಮರದ್ದೋ, ಅಲ್ಯುಮಿನಿಯಂದೋ?"

"ಸಿ ಭಾಷೇದು" ಎಂದೆ.

"ಆ ಕಂಪನಿ ಗೊತ್ತಿಲ್ಲ ನಂಗೆ" ಎಂದರು ಅವರು, ಮುಖ ಗಂಭೀರ ಮಾಡಿಕೊಂಡು. "ಬಾಳಿಕೆ ಬರುತ್ತಾ?"

ಬಾಳಿಕೆಯ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಮೂವತ್ತನಾಲ್ಕು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಮೇಲೆ, ಕೆಳಗೆ ಎಂಬ ಎರಡು ದಿಕ್ಕುಗಳಲ್ಲಿ ನನ್ನಷ್ಟು ಪಾಂಡಿತ್ಯ ಇರುವವರು ವಿರಳ. ಎಡ, ಬಲ ಎಂಬ ಇನ್ನೆರಡು ದಿಕ್ಕುಗಳು ನನ್ನ ಬಾಳಿನಲ್ಲಿ ಇಷ್ಟು ದೊಡ್ಡ ವಿಷಯವಾಗುತ್ತವೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಐದು ತಿಂಗಳ ಹಿಂದೆ ಒಂದು ಮಂಗಳವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ನನ್ನ ಹೆಂಡತಿಯ ಕೈಯಿಂದ ಬ್ರಷ್ಷು ಜಾರಿತು. "ಎತ್ಕೊಡ್ರೀ" ಎಂದಳು. ಆ ಮೂರು ಅಕ್ಷರ ಮುಗಿಯುವಷ್ಟರಲ್ಲಿ ನಾಲಿಗೆ ತೊದಲಿತು. ಮಿದುಳಿನ ಬಲಭಾಗಕ್ಕೆ ಪಾರ್ಶ್ವವಾಯು. ಆಸ್ಪತ್ರೆಯಲ್ಲಿ ಹದಿನೇಳು ದಿನ. ಮಾತು ಪೂರ್ತಿ ವಾಪಸ್ಸು ಬಂತು (ಬಂದ ಮೊದಲ ಮಾತು, ನಾನು ಶೇವ್ ಮಾಡಿಕೊಂಡಿಲ್ಲ ಎಂಬುದು). ಕಾಲು ಮುಕ್ಕಾಲು ಪಾಲು ಬಂತು. ಕೈ ಅರ್ಧ ಬಂತು. ಎಡಗಡೆ ಎಂಬುದು ಮಾತ್ರ ಬರಲೇ ಇಲ್ಲ.

"ಕಣ್ಣು ಚೆನ್ನಾಗೇ ಇದೆ" ಎಂದರು ಡಾಕ್ಟರು. "ಎಡಗಡೆ ಇರೋದು ಕಾಣುತ್ತೆ. ಆದ್ರೆ ಮಿದುಳು ಅದನ್ನ ಲೆಕ್ಕಕ್ಕೇ ತಗೊಳಲ್ಲ."

ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ನಮ್ಮ ಸಂಸಾರದಲ್ಲಿ ನನಗೆ ಹೊಸದೇನಲ್ಲವಾದ್ದರಿಂದ ನಾನು ತಲೆಯಾಡಿಸಿ ಬಂದುಬಿಟ್ಟೆ. ಮನೆಗೆ ಬಂದ ಮೇಲೆ ಅದರ ಅರ್ಥ ತಿಳಿಯಿತು. ತಟ್ಟೆಯ ಬಲಗಡೆಯ ಅನ್ನ ಮಾತ್ರ ಉಂಡು, "ಇಷ್ಟೇನಾ ಬಡಿಸೋದು? ಕಾಯಿಲೆಯವಳು ಅಂತ ಉಪವಾಸ ಕೆಡವ್ತೀರಾ?" ಎನ್ನುತ್ತಿದ್ದಳು. ನಾನು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸುತ್ತಿದ್ದೆ. "ಹೂಂ, ಈಗ ಬಂತು ನೋಡಿ ದಾರಿಗೆ" ಎಂದು ಮತ್ತೆ ಊಟಕ್ಕೆ ಕೂರುತ್ತಿದ್ದಳು. ಕೂದಲು ಬಲಗಡೆಯಷ್ಟೇ ಬಾಚಿಕೊಂಡು ಕನ್ನಡಿಯ ಮುಂದೆ ಸಂತೃಪ್ತಳಾಗಿ ನಿಲ್ಲುತ್ತಿದ್ದಳು. ಉಳಿದರ್ಧವನ್ನು ನಾನು ಬಾಚುತ್ತಿದ್ದೆ. ಲಿಫ್ಟಿನ ಕೇಬಲ್ಲುಗಳಿಗೆ ಗ್ರೀಸು ಹಚ್ಚಿದ ಕೈ ಅದು, ಅವಳು ಎಷ್ಟೋ ಸಲ ಕಿರುಚಿಕೊಂಡಿದ್ದಾಳೆ.

ಪದಗಳ ಮೊದಲಕ್ಷರವನ್ನೂ ಆ ಎಡಗಡೆಯೇ ನುಂಗುತ್ತಿತ್ತು. ಸ್ಕ್ಯಾನಿಂಗ್ ವರದಿಯಲ್ಲಿ 'ಅಸಹಜ' ಎಂದಿದ್ದದ್ದನ್ನು ಅವಳು 'ಸಹಜ' ಎಂದು ಓದಿ, "ನೋಡ್ರೀ, ಎಲ್ಲಾ ಸರಿಯಾಗಿದೆ. ಸುಮ್ನೆ ಮುಖ ಸಣ್ಣ ಮಾಡ್ಕೊಂಡು ಕೂತಿದೀರಿ" ಎಂದಳು. ನಾನು ತಿದ್ದಲಿಲ್ಲ. ನೀವಾದರೂ ತಿದ್ದುತ್ತಿದ್ದಿರೇನು?

ತಿದ್ದುವುದು ಅವಳ ಕಸುಬು. ಪಠ್ಯಪುಸ್ತಕ ಅಚ್ಚು ಹಾಕುವ ಮುದ್ರಣಾಲಯವೊಂದರಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದಿದವಳು. ಅಲ್ಲಿಯ ಮುಖ್ಯಸ್ಥೆ ಒಳ್ಳೆಯ ಹೆಂಗಸು. "ಮನೆಯಿಂದಲೇ ಒಂದು ಅಧ್ಯಾಯ ತಿದ್ದಿ ಕಳ್ಸಿ, ನೋಡೋಣ" ಎಂದು ಹೇಳಿ ಕಳುಹಿಸಿದ್ದರು. ಅದನ್ನು ಕೇಳಿದ ದಿನ ನನ್ನ ಹೆಂಡತಿ ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಒಂದು ಗಂಟೆ ಕಳೆದು ನಾನು ಹೋಗಿ ನೋಡಿದರೆ ಅದೇ ಭಂಗಿಯಲ್ಲಿ ಕೂತಿದ್ದಾಳೆ.

"ಇದು ಸತ್ತೋಗಿದೆ ರೀ. ಅಲ್ಲಾಡ್ತಾನೇ ಇಲ್ಲ."

ಸತ್ತಿರಲಿಲ್ಲ. ಪರದೆಯ ಎಡಗಡೆಯಲ್ಲಿ ಒಂದು ಪುಟ್ಟ ಚೌಕ ಎದ್ದು 'ಉಳಿಸಲೇ, ಬೇಡವೇ?' ಎಂದು ವಿನಯದಿಂದ ಕೇಳುತ್ತ ನಿಂತಿತ್ತು. ಅದು ಅವಳ ಉತ್ತರಕ್ಕೆ ಕಾಯುತ್ತಿತ್ತು, ಅವಳು ಅದು ಏಳಲೆಂದು ಕಾಯುತ್ತಿದ್ದಳು. ಹೀಗೆ ಒಂದು ಗಂಟೆ.

ಆಗಲೇ ನಾನು ಬಾವಮೈದನಿಗೆ ಫೋನು ಮಾಡಿದ್ದು. ಅವನಿಗೆ ಎಲ್ಲರೂ ಕರ್ನಲ್ ಎನ್ನುತ್ತಾರೆ. ಸೈನ್ಯದ ಕಡೆ ತಲೆ ಹಾಕಿ ಮಲಗಿದವನೂ ಅಲ್ಲ. ಕಂಪ್ಯೂಟರಿನ ಒಳತಿರುಳಿಗೆ ಕರ್ನೆಲ್ ಎನ್ನುತ್ತಾರಂತೆ, ಬಾಯಿ ತೆರೆದರೆ ಅದೇ ಜಪ, ಅದರಿಂದ ಬಂದ ಬಿರುದು. (ನಮ್ಮ ಬೀದಿಯ ಕಾವಲುಗಾರ ಅವನನ್ನು ಕಂಡರೆ ಎದ್ದು ಸಲ್ಯೂಟ್ ಹೊಡೆಯುತ್ತಾನೆ. ಇವನೂ ಬಿಡದೆ ಸ್ವೀಕರಿಸುತ್ತಾನೆ.) ನಮ್ಮ ಕಂಪ್ಯೂಟರಿಗೆ ಬಿಟ್ಟಿ ಸಿಗುವ ಮುಕ್ತ ವ್ಯವಸ್ಥೆಯೊಂದನ್ನು ಹಾಕಿಕೊಟ್ಟವನು ಅವನೇ.

"ಪರದೆ ಮೇಲೆ ಏಳೋ ಈ ಕಿಟಕಿಗಳು ಎಲ್ಲಿ ತೆರ್ಕೋಬೇಕು ಅಂತ ತೀರ್ಮಾನ ಮಾಡೋಕೇ ಒಂದು ಬೇರೆ ಸಾಫ್ಟ್‌ವೇರ್ ಇರುತ್ತೆ ಭಾವ" ಎಂದ. "ಅದರ ಮೂಲ ಬರಹ ಸಿ ಅನ್ನೋ ಕಂಪ್ಯೂಟರ್ ಭಾಷೇಲಿದೆ, ಯಾರು ಬೇಕಾದ್ರೂ ಇಳಿಸ್ಕೊಂಡು ತಿದ್ದಬಹುದು. ತಿದ್ದಿ, ಬಿಲ್ಡ್ ಮಾಡಿ, ಅಂದ್ರೆ ಯಂತ್ರಕ್ಕೆ ಅರ್ಥವಾಗೋ ಹಾಗೆ ಕಟ್ಟಿ, ಹಳೇದರ ಜಾಗಕ್ಕೆ ಕೂರಿಸೋದು. ಅಷ್ಟೇ."

'ಅಷ್ಟೇ' ಎಂಬ ಪದವನ್ನು ನಿಘಂಟಿನಿಂದ ಕಿತ್ತು ಹಾಕಬೇಕು. ಒಂದು ಲಕ್ಷ ಇಪ್ಪತ್ತು ಸಾವಿರ ಸಾಲುಗಳ ಮಹಾಗ್ರಂಥವದು. ಮಧ್ಯಾಹ್ನ ಅವಳು ಮಲಗಿದಾಗ ನಾನು ಮೂಗಿಗೆ ಕನ್ನಡಕ ಏರಿಸಿ ಪಾರಾಯಣಕ್ಕೆ ಕೂರುತ್ತಿದ್ದೆ. ಒಂದು ಸಲ ಬಿಲ್ಡ್ ಆಗಲು ನಮ್ಮ ಹಳೆಯ ಯಂತ್ರಕ್ಕೆ ನಲವತ್ತು ನಿಮಿಷ ಬೇಕು, ಒಳಗಿನ ಫ್ಯಾನು ಅಷ್ಟು ಹೊತ್ತೂ ಮಿಕ್ಸಿಯ ಹಾಗೆ ಕಿರುಚುತ್ತಿತ್ತು. ಮೂವತ್ತೊಂಬತ್ತನೆಯ ನಿಮಿಷದಲ್ಲಿ 'ಇಂಥ ಫೈಲೇ ಇಲ್ಲ' ಎಂದು ಕೈಯೆತ್ತುತ್ತಿತ್ತು. ಆ ಫೈಲು ತಂದುಕೊಟ್ಟರೆ ಅದಕ್ಕೆ ಅದರ ಚಿಕ್ಕಪ್ಪನೂ ಬೇಕು, ಚಿಕ್ಕಪ್ಪ ಬಂದರೆ ಅವರ ಷಡ್ಡಕನೂ ಬೇಕು. ನನ್ನ ಮದುವೆಗೂ ಇಷ್ಟು ಜನರನ್ನು ನಾನು ಕರೆದಿರಲಿಲ್ಲ.

ಒಂದು ದಿನ ತಪ್ಪು ಎಲ್ಲಿದೆಯೆಂದು ತಿಳಿಯದೆ ಆ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದೆ. ಮಂಚದಿಂದ ದನಿ ಬಂತು. "ಕೊನೇಲಿ ಅರ್ಧವಿರಾಮ ಹಾಕಿದೀರಾ?"

"ಅದ್ಯಾಕೆ?"

"ಮೇಲಿನ ಸಾಲು ಓದ್ದಾಗ ಕೊನೇಲಿ ಅರ್ಧವಿರಾಮ ಅಂದ್ರಿ. ಇದರಲ್ಲಿ ಅನ್ಲಿಲ್ಲ."

ಹೌದು, ಅದೇ ತಪ್ಪು! ಅವಳು ಅಲ್ಲಿಂದಲೇ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅರ್ಧವಿರಾಮಕ್ಕೆ ಕೈ ಮುಗಿದು ಕೂರಿಸಿದೆ.

ಲೆಕ್ಕ ಸರಳವಾಗಿತ್ತು. ಪ್ರತಿ ಕಿಟಕಿಯೂ ಎಡ ಅಂಚಿನಿಂದ ಎಷ್ಟು ದೂರದಲ್ಲಿ ಕೂರಬೇಕೆಂಬ ಅಂಕಿಗೆ ಪರದೆಯ ಅರ್ಧದಷ್ಟನ್ನು ಕೂಡಿಸಿದೆ. ಬಿಲ್ಡ್ ಆಯಿತು. ಎಲ್ಲ ಕಿಟಕಿಗಳೂ ಪರದೆಯನ್ನೇ ದಾಟಿ ಗೋಡೆಯ ಕಡೆ ಹೊರಟುಹೋದವು! ಎರಡು ದಿನ ಪರದೆಯ ಮೇಲೆ ಏನೂ ಇರಲಿಲ್ಲ, ಕರ್ನಲ್ ಬಂದು ದಂಡಯಾತ್ರೆ ನಡೆಸಿ ಅವುಗಳನ್ನು ಸೆರೆಹಿಡಿದು ತಂದ. ಮೂರನೆಯ ವಾರಕ್ಕೆ ಎಲ್ಲವೂ ಬಲಗಡೆಗೆ ಸಾಲಾಗಿ ಬಂದು ಕೂತವು. ಉತ್ಸಾಹ ತಡೆಯಲಾರದೆ ಮೌಸಿನ ಬಾಣವೂ ಎಡಕ್ಕೆ ಹೋಗದ ಹಾಗೆ ನಡುವೆ ಒಂದು ಅದೃಶ್ಯ ಗೋಡೆ ಕಟ್ಟಿಸಿದೆ. ಎಡಗಡೆಯ ಅರ್ಧ ಪರದೆ ಖಾಲಿ ಸೈಟಿನ ಹಾಗೆ ಕಪ್ಪಗೆ ಬಿದ್ದಿತ್ತು. ಅದೇ ಹುಮ್ಮಸ್ಸಿನಲ್ಲಿ ಮಂಚ, ರೇಡಿಯೊ, ನೀರಿನ ಹೂಜಿ, ನನ್ನ ಕುರ್ಚಿ, ಎಲ್ಲವನ್ನೂ ಅವಳ ಬಲಕ್ಕೆ ಎಳೆದು ಹಾಕಿದೆ.

ಅವಳು ಅಧ್ಯಾಯವನ್ನು ಮೂರು ಬೆಳಿಗ್ಗೆಗಳಲ್ಲಿ ತಿದ್ದಿ ಮುಗಿಸಿದಳು. ಚೌಕ ಎದ್ದರೆ ಟಕ್ಕನೆ ಒತ್ತುತ್ತಿದ್ದಳು. "ಎಂಥಾ ಕೆಲಸ ಮಾಡಿದೀರಿ ರೀ" ಎಂದಳು. ಈ ವಾಕ್ಯವನ್ನು ಅವಳು ನನಗೆ ಸಾವಿರ ಸಲ ಹೇಳಿದ್ದಾಳೆ, ಹೊಗಳಿಕೆಯ ದನಿಯಲ್ಲಿ ಹೇಳಿದ್ದು ಅದೊಂದೇ ಸಲ.

ಬುಧವಾರ, ಆಸ್ಪತ್ರೆಯಿಂದ ವಾರಕ್ಕೊಮ್ಮೆ ಬಂದು ವ್ಯಾಯಾಮ ಮಾಡಿಸುವ ಥೆರಪಿಯ ಹುಡುಗಿ ಬಂದಳು. ನಾನು ಹೊಸ ಲಿಫ್ಟಿನ ಬಾಗಿಲು ತೆರೆದು ತೋರಿಸುವವನಂತೆ ಪರದೆ ತೋರಿಸಿದೆ. ಅವಳು ಕೋಣೆಯನ್ನು, ಮಂಚವನ್ನು, ನನ್ನ ಕುರ್ಚಿಯನ್ನು ನೋಡಿದಳು. ನನ್ನನ್ನು ಅಡುಗೆಮನೆಗೆ ಕರೆದಳು.

"ಅಂಕಲ್, ಇದನ್ನೆಲ್ಲ ತೆಗೀಬೇಕು."

"ಯಾಕಮ್ಮ? ಸಲೀಸಾಗಿ ಮಾಡ್ತಿದಾಳಲ್ಲ?"

"ಅದಕ್ಕೇ ತೆಗೀಬೇಕು. ಎಡಗಡೆ ಹುಡುಕೋ ಅಗತ್ಯಾನೇ ಇಲ್ಲ ಅಂದ್ರೆ ಮಿದುಳು ಯಾಕೆ ಹುಡುಕುತ್ತೆ? ಬೇಕಾದ್ದನ್ನೆಲ್ಲ ಎಡಗಡೆಗೇ ಇಡ್ಬೇಕು. ಆಂಟಿ ತಡಕಾಡ್ಬೇಕು, ಸಿಟ್ಟು ಮಾಡ್ಕೋಬೇಕು, ತಿರುಗ್ಬೇಕು. ನೀವು ಅವರ ಅರ್ಧ ಪ್ರಪಂಚಕ್ಕೆ ಗೋಡೆ ಕಟ್ಟಿಬಿಟ್ಟಿದೀರಿ." ಆಮೇಲೆ ಸಣ್ಣ ದನಿಯಲ್ಲಿ, "ನೀವೂ ಇನ್ನು ಅವರ ಎಡಗಡೆಗೇ ಕೂತ್ಕೊಳ್ಳಿ. ಅವರಾಗಿ ತಿರುಗೋ ತನಕ ಮಾತಾಡ್ಬೇಡಿ" ಎಂದಳು.

ನನಗೆ ಕೆಂಡದಂಥ ಸಿಟ್ಟು ಬಂತು. ಇಪ್ಪತ್ತಾರು ವರ್ಷದ ಹುಡುಗಿ, ಅವಳಿಗೇನು ಗೊತ್ತು? ಮುದ್ರಣಾಲಯದಿಂದ ಉತ್ತರ ಬರಲಿ, ಆಗ ಮುಖಕ್ಕೆ ಹಿಡಿಯುತ್ತೇನೆ ಎಂದುಕೊಂಡೆ.

ಉತ್ತರ ಬರಲಿಲ್ಲ, ಮುಖ್ಯಸ್ಥೆಯೇ ಬಂದರು. ಅಚ್ಚು ತೆಗೆದ ಹಾಳೆಗಳ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು, ಚಹಾ ಕುಡಿದು, ಹವಾಮಾನದ ಬಗ್ಗೆ ಮಾತಾಡಿದರು. ಆಮೇಲೆ ಹಾಳೆ ತೆಗೆದರು. ಪ್ರತಿ ಪುಟದ ಬಲಭಾಗದಲ್ಲಿ ಒಂದು ಚುಕ್ಕೆಯೂ ತಪ್ಪಿಸಿಕೊಂಡಿರಲಿಲ್ಲ. ಎಡಭಾಗದಲ್ಲಿ ಒಂದು ತಪ್ಪನ್ನೂ ಮುಟ್ಟಿರಲಿಲ್ಲ. ಕಿಟಕಿಯನ್ನು ನಾನು ಬಲಕ್ಕೆ ಸರಿಸಿದ್ದೆ, ಆ ಕಿಟಕಿಯೊಳಗೂ ಒಂದು ಎಡಗಡೆ ಇರುತ್ತದೆಂಬುದು ನನ್ನ ಮಂಡೆಗೆ ಹೊಳೆದಿರಲಿಲ್ಲ.

"ಇನ್ನೂ ಸ್ವಲ್ಪ ರೆಸ್ಟ್ ತಗೊಳ್ಳಿ. ಅವಸರವೇನಿಲ್ಲ" ಎಂದರು ಅವರು, ಎದ್ದು ನಿಂತು. ಬಾಗಿಲಲ್ಲಿ ನನಗೆ ಮಾತ್ರ ಕೇಳಿಸುವಂತೆ, "ಆ ಜಾಗಕ್ಕೆ ಬೇರೆಯವರನ್ನ ತಗೊಂಡಿದೀವಿ" ಎಂದರು.

ನನ್ನ ಹೆಂಡತಿ ಹಾಳೆಗಳನ್ನು ಬಹಳ ಹೊತ್ತು ನೋಡುತ್ತಲೇ ಕೂತಿದ್ದಳು. "ಆ ತಪ್ಪುಗಳು ಅಲ್ಲಿ ಇರ್ಲಿಲ್ಲ ರೀ" ಎಂದಳು. "ನಾನು ನೋಡ್ದೆ. ಇರ್ಲಿಲ್ಲ."

ಮರುದಿನ ಮಧ್ಯಾಹ್ನ ನಾನು ಕೂಡಿಸಿದ್ದ ಕಡೆಯಲ್ಲೆಲ್ಲ ಕಳೆದೆ. ಗೋಡೆ ಒಡೆದೆ. ದರ್ಜಿ ಕೇಳಿದ್ದ ಬಾಳಿಕೆ ಅಷ್ಟೇ ಬಂತು. ಥೆರಪಿಯ ಹುಡುಗಿಗೆ ಫೋನು ಮಾಡಿ, ಅವಳು ಹೇಳಿಕೊಟ್ಟಂತೆ ಪರದೆಯ ಎಡ ಅಂಚಿಗೂ ತೆರೆದ ಪ್ರತಿ ಕಿಟಕಿಯ ಎಡ ಅಂಚಿಗೂ ದಪ್ಪನೆಯ ಕೆಂಪು ಪಟ್ಟಿ ಹಾಕಿ, ಅದರ ಮೇಲೆ ದೊಡ್ಡಕ್ಷರದಲ್ಲಿ 'ಇಲ್ಲಿಂದ' ಎಂದು ಆರಂಭಿಸಿ ಎರಡು ಪದ ಬರೆದೆ. ಓದುವ ಮೊದಲು ಆ ಕೆಂಪನ್ನು ಹುಡುಕಬೇಕು, ಅದು ನಿಯಮ. ನನ್ನ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಅವಳ ಎಡಕ್ಕೆ ಇಟ್ಟುಕೊಂಡು ಕೂತೆ.

ಹೆಂಡತಿಯ ಕಣ್ಣಿಗೆ ಬೀಳದ ಹಾಗೆ ಮನೆಯಲ್ಲಿ ಓಡಾಡಬೇಕೆಂದು ಹಿಂದೆ ಎಷ್ಟೋ ಸಲ ಆಸೆಪಟ್ಟಿದ್ದೇನೆ. ಎಲ್ಲ ಗಂಡಂದಿರೂ ಪಟ್ಟಿರುತ್ತಾರೆ. ಆ ಆಸೆ ಮೂರು ವಾರ ಈಡೇರಿತು. ಅವಳು ಖಾಲಿ ಬಲಗಡೆಗೆ ತಿರುಗಿ, "ಎಲ್ಲಿ ಹಾಳಾಗಿ ಹೋದ್ರೋ! ನನ್ನ ಕಂಪ್ಯೂಟರ್ ಕೆಡಿಸಿಟ್ಟು ಊರು ಸುತ್ತೋಕೆ ಹೋಗಿದಾರೆ" ಎಂದು ಬೈಯುತ್ತಿದ್ದಳು. ನಾನು ಒಂದು ಮಾರು ದೂರದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತಿದ್ದೆ. ಒಂದು ದಿನ ಬೈಯಲಿಲ್ಲ. "ನೀವೂ ಬೇಜಾರಾಗಿ ಬಿಟ್ಟೋದ್ರಾ?" ಎಂದು ಆ ಖಾಲಿ ಜಾಗವನ್ನು ಕೇಳಿದಳು. ನಾನು ನಿಯಮ ಮುರಿದು ಕೈ ಹಿಡಿದುಕೊಂಡೆ. ಹಿಡಿದದ್ದು ಎಡಗೈಯನ್ನು. ಅವಳಿಗೆ ತಿಳಿಯಲಿಲ್ಲ.

ಮೊನ್ನೆ ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತು ಅವಳು ಅದೇ ಅಧ್ಯಾಯವನ್ನು ಅಭ್ಯಾಸಕ್ಕೆಂದು ಮತ್ತೆ ತಿದ್ದಲು ಕೂತಿದ್ದಳು. ಎಡಗಡೆಯಲ್ಲಿ ಚೌಕ ಎದ್ದು ನಿಂತಿತ್ತು, ಅವಳು ಕಾಯುತ್ತಿದ್ದಳು. ಬೆರಳಿನಿಂದ ಮೇಜಿನ ಅಂಚನ್ನು ಸವರುತ್ತ, ಕತ್ತಲಲ್ಲಿ ಸ್ವಿಚ್ಚು ಹುಡುಕುವವರ ಹಾಗೆ, ಕತ್ತನ್ನು ಒಂದಿಷ್ಟು ಒಂದಿಷ್ಟೇ ತಿರುಗಿಸಿದಳು. ಅವಳ ನೋಟ ಪರದೆಯ ನಡುಭಾಗ ದಾಟಿತು, ಚೌಕ ದಾಟಿತು, ಕೆಂಪು ಪಟ್ಟಿಗೆ ಬಂದು ನಿಂತಿತು. ತುಟಿ ಅಲ್ಲಾಡಿತು. ಓದುತ್ತಿದ್ದಳು. ಐದು ತಿಂಗಳಲ್ಲಿ ಮೊದಲ ಸಲ ಅವಳು ಎಡಗಡೆಯಲ್ಲಿದ್ದದ್ದನ್ನು ಮೊದಲಕ್ಷರದಿಂದ ಓದುತ್ತಿದ್ದಳು. ನನ್ನ ಕಣ್ಣು ಮಂಜಾಯಿತು.

ಹುಬ್ಬು ಗಂಟಿಕ್ಕಿತು. ಕತ್ತು ಇನ್ನೂ ಸ್ವಲ್ಪ ತಿರುಗಿತು, ನಾನು ಕಂಡೆ.

"ಇಲ್ಲೇ ಕೂತಿದೀರಾ?"

"ಹೂಂ" ಎಂದೆ, ಕಣ್ಣೊರೆಸಿಕೊಳ್ಳುತ್ತ.

"ಇದನ್ನ ಬರ್ದೋರು ಯಾರು?"

"ನಾನೇ ಕಣೆ."

"'ಇಲ್ಲಿಂದ ಪ್ರಾರಂಬ'." ಅವಳು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. "ಪ್ರಾರಂಭದ ಭಕ್ಕೆ ಮಹಾಪ್ರಾಣ ಎಲ್ರೀ? ಹೊಟ್ಟೆ ಸೀಳ್ಬೇಕು ಅಂತ ಒಂದನೇ ಕ್ಲಾಸಲ್ಲಿ ಹೇಳ್ಕೊಡ್ಲಿಲ್ವಾ ನಿಮಗೆ? ಮೂರು ವಾರದಿಂದ ಈ ತಪ್ಪನ್ನ ನನ್ನ ಕಣ್ಮುಂದೆ ಇಟ್ಕೊಂಡು ಕೂತಿದೀರಾ? ಅದಕ್ಕೆ ಅಳೋದೇನಿದೆ, ತಿದ್ದಿ!"

ತಿದ್ದಲು ಕೂತಿದ್ದೇನೆ. ಒಂದು ಹೊಟ್ಟೆ ಸೀಳುವುದಕ್ಕೆ ಲಕ್ಷದ ಇಪ್ಪತ್ತು ಸಾವಿರ ಸಾಲೂ ಮತ್ತೆ ಬಿಲ್ಡ್ ಆಗಬೇಕು. ಫ್ಯಾನು ಕಿರುಚುತ್ತಿದೆ. ಅವಳು ಮತ್ತೆ ಬಲಗಡೆಗೆ ತಿರುಗಿಬಿಟ್ಟಿದ್ದಾಳೆ, ಅಲ್ಲಿ ಯಾರೂ ಇಲ್ಲದಿದ್ದರೂ ಮಹಾಪ್ರಾಣದ ಪಾಠ ಇನ್ನೂ ನಡೆಸುತ್ತಿದ್ದಾಳೆ. ನಾನು ಎಡಗಡೆಯಿಂದ ಹೂಂ, ಹೂಂ ಎನ್ನುತ್ತಿದ್ದೇನೆ.