ಹಿಂದಲೆಗಳ ಫೋಟೊಗ್ರಾಫರ್

ಕ್ಯಾಮೆರಾ ಯಾರ ಕೈಗೂ ಬರಬಹುದು, ಅದನ್ನು ಗುರುತಿಲ್ಲದವರ ಮುಖಕ್ಕೆ ಹಿಡಿಯುವ ಧೈರ್ಯ ಮಾತ್ರ ಅದರ ಜೊತೆಗೆ ಬರುವುದಿಲ್ಲ. ನನ್ನ ಕ್ಯಾಮೆರಾ ನನ್ನ ಭಾವನಿಂದ ಬಂದದ್ದು. ಹೊಸ ಫೋನ್ ಕೊಂಡ ಮೇಲೆ ಅವನಿಗೆ ಈ ಪುಟ್ಟ ಡಿಜಿಟಲ್ ಯಂತ್ರ ಬೇಡವಾಯಿತು. ಬ್ಯಾಟರಿಯ ಮುಚ್ಚಳ ನಿಲ್ಲುವುದಿಲ್ಲ, ರಬ್ಬರ್ ಬ್ಯಾಂಡ್ ಹಾಕಬೇಕು. ಅದನ್ನು ಕೊರಳಿಗೆ ಹಾಕಿಕೊಂಡು, ಕೊಟ್ಟಾರದ ಆಫೀಸಿಗೆ ಹೊರಡುವ ಮುಂಚೆ ಜೆಪ್ಪುವಿನ ನಮ್ಮ ಮನೆಯಿಂದ ಕಂಕನಾಡಿಯವರೆಗೆ ಒಂದು ಸುತ್ತು ನಡೆದು ಅಭ್ಯಾಸ ಮಾಡುವುದು ನನ್ನ ಈಚಿನ ಹವ್ಯಾಸ. ಎದುರು ಬಂದವರ ಫೋಟೊ ತೆಗೆಯಲು ನಾಚಿಕೆ. ಅವರು ನನ್ನನ್ನು ದಾಟಿ ಹೋಗುವವರೆಗೆ ಮರದ ಮೇಲಿನ ಕಾಗೆಯನ್ನು ನೋಡುವವನಂತೆ ನಿಂತು, ಆಮೇಲೆ ಹಿಂದಿನಿಂದ ಕ್ಲಿಕ್ಕಿಸುತ್ತೇನೆ. ತಿಂಗಳ ಸಾಧನೆಯನ್ನೆಲ್ಲ ಹೆಂಡತಿಗೆ ತೋರಿಸಿದಾಗ ಅವಳು ತಾಳ್ಮೆಯಿಂದ ಕೊನೆಯವರೆಗೂ ನೋಡಿ, "ಇವರೆಲ್ಲ ನಿಮ್ಮನ್ನು ಕಂಡು ಓಡಿ ಹೋಗ್ತಾ ಇರುವುದಾ?" ಎಂದು ಕೇಳಿದಳು.

ತಪ್ಪು ಪೂರ್ತಿ ನನ್ನದಲ್ಲ. ನನ್ನ ಅಪ್ಪ ದೇವಸ್ಥಾನದ ಅರ್ಚಕರು. ಗರ್ಭಗುಡಿಯ ಹೊರಗೆ ಗಂಟೆ ಬಾರಿಸುತ್ತ ಬೆಳೆದ ನಾನು ಅಪ್ಪನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ಕಂಡವನು. ಬೆನ್ನು ನೋಡಿಯೇ ಅವರ ಸಿಟ್ಟು ಎಷ್ಟಿದೆ ಎಂದು ಹೇಳಬಲ್ಲವನಾಗಿದ್ದೆ. ಆದರೆ ಹಿಂದಲೆ ನೋಡಿ ಇಡೀ ಮನುಷ್ಯನನ್ನು ಹೇಳಬಲ್ಲವರು ನಮ್ಮ ಬೀದಿಯಲ್ಲೇ ಇದ್ದಾರೆಂದು ತಿಳಿದದ್ದು ಕಳೆದ ಎರಡನೇ ಶನಿವಾರ.

ಅವತ್ತು ಆಫೀಸಿಗೆ ರಜೆ. ಸಂಜೀವಣ್ಣನ ಸೆಲೂನಿನ ಎದುರು ನಿಂತು ಬಾಗಿಲಿನ ಬೆಳಕನ್ನು ಹಿಡಿಯಲು ಒದ್ದಾಡುತ್ತಿದ್ದೆ. ಗಿರಾಕಿ ಇರಲಿಲ್ಲ. "ಎಂತ ಭಟ್ರೆ, ಸರ್ವೆಯಾ? ರಸ್ತೆ ಅಗಲ ಮಾಡ್ತಾರಾ?" ಎಂದು ಅವರು ಹೊರಗೆ ಬಂದರು. ಅಂಥದ್ದೇನಿಲ್ಲ, ಕಲಿಯುತ್ತಿದ್ದೇನೆ ಎಂದೆ. ಕ್ಯಾಮೆರಾ ಇಸಿದುಕೊಂಡು, ಕನ್ನಡಕ ಹಣೆಗೇರಿಸಿ, ಒಂದೊಂದೇ ಫೋಟೊ ಸರಿಸತೊಡಗಿದರು.

"ಇದು ಬಾಲಣ್ಣ. ಎರಡು ಸುಳಿ ಉಂಟು, ನೋಡಿ. ಇದು ಬೇಕರಿಯವ. ಇದು ಯಾರೋ ಗೊತ್ತಿಲ್ಲ, ಆದ್ರೆ ಏಸಿ ಸೆಲೂನಿನ ಕಟ್ಟಿಂಗ್. ಎಡಗಡೆ ಒಂದು ನೂಲಿನಷ್ಟು ಮೇಲೆ ಹೋಗಿದೆ."

ನಾನು ಬೆರಗಾಗಿ ನಿಂತಿದ್ದೆ. ನನ್ನ ಫೋಟೊಗಳನ್ನು ಇಷ್ಟು ಗಮನವಿಟ್ಟು ನಾನೂ ನೋಡಿರಲಿಲ್ಲ. ಅಷ್ಟರಲ್ಲಿ ಅವರ ಬೆರಳು ನಿಂತಿತು. ಯಾವುದೋ ಮನೆಯ ಜಗಲಿಯಲ್ಲಿ ಕುರ್ಚಿ ಹಾಕಿ ಬೆನ್ನು ತಿರುಗಿಸಿ ಕುಳಿತ ಮುದುಕರೊಬ್ಬರು. ಬಿಳಿಕೂದಲು ಕಾಲರಿನವರೆಗೆ ಇಳಿದಿತ್ತು.

"ಇದು ಎಲ್ಲಿ ತೆಗೆದದ್ದು?"

"ಕಂಕನಾಡಿಯ ಹತ್ರ, ಒಂದು ಓಣಿಯಲ್ಲಿ. ನಿನ್ನೆ." ಕಾಂಪೌಂಡ್ ಗೋಡೆಯ ಮೇಲಿನಿಂದ ಕದ್ದು ತೆಗೆದದ್ದು ಎಂಬುದನ್ನು ಹೇಳಲಿಲ್ಲ.

"ನಮ್ಮ ಲಾರೆನ್ಸ್ ಮಾಸ್ಟ್ರು," ಎಂದರು ಸಂಜೀವಣ್ಣ. "ಬಲಕಿವಿಯ ಹಿಂದೆ ಕಲೆ ಉಂಟು. ಮೂವತ್ತು ವರ್ಷ ನಾನೇ ಕತ್ತರಿಸಿದ ತಲೆ ಇದು. ಐದು ತಿಂಗಳಾಯ್ತು, ಬರಲೇ ಇಲ್ಲ." ಕ್ಯಾಮೆರಾ ಹಿಂತಿರುಗಿಸುತ್ತ, "ಕೊನೇ ಸಲ ಬಂದಾಗ ಕಿವಿಗೆ ಒಂದು ಚೂರು ತಾಗಿತ್ತು. ರಕ್ತ ಬಂತು. ಅವರು ಎಂತದೂ ಹೇಳ್ಲಿಲ್ಲ. ಆದ್ರೆ ಮತ್ತೆ ಬರ್ಲಿಲ್ಲ," ಎಂದರು.

ಐದು ತಿಂಗಳು ಈ ಮನುಷ್ಯ ಆ ಒಂದು ಹನಿ ರಕ್ತವನ್ನು ಮನಸ್ಸಿನಲ್ಲಿಟ್ಟುಕೊಂಡು ಊರಿನ ತಲೆಗಳನ್ನೆಲ್ಲ ಕತ್ತರಿಸಿದ್ದರು. ಮನೆಗೇಕೆ ಹೋಗಲಿಲ್ಲ ಎಂದು ಕೇಳಿದೆ. "ತಲೆ ಗೊತ್ತು ಮಾರಾಯ್ರೆ, ಮನೆ ಗೊತ್ತಿಲ್ಲ," ಎಂದರು. ಮರುಕ್ಷಣ ಕತ್ತರಿ, ಬಾಚಣಿಗೆ, ಬಿಳಿ ಬಟ್ಟೆ ಚೀಲಕ್ಕೆ ಹಾಕಿ, ಷಟರ್ ಎಳೆದು, ಸ್ಕೂಟರ್ ಹತ್ತಿದರು. ದಾರಿ ತೋರಿಸಲು ನಾನು ಹಿಂದೆ ಕುಳಿತೆ.

ಗೇಟು ತೆರೆದ ಸದ್ದಿಗೆ ಮಾಸ್ಟ್ರು ಕತ್ತು ತಿರುಗಿಸಿದರು. ಪಕ್ಕದಲ್ಲಿ ವಾಕರ್ ಇತ್ತು. ಸಂಜೀವಣ್ಣ ಮೆಟ್ಟಿಲ ಕೆಳಗೇ ನಿಂತುಬಿಟ್ಟರು.

"ಬಾ ಸಂಜೀವ," ಎಂದರು ಮಾಸ್ಟ್ರು. "ಬಚ್ಚಲಲ್ಲಿ ಜಾರಿ ಬಿದ್ದೆ. ಸೊಂಟದ ಆಪರೇಶನ್ ಆಯ್ತು. ನಿನ್ನ ಅಂಗಡಿಗೆ ಮೂರು ಮೆಟ್ಟಿಲು ಉಂಟಲ್ಲ, ಹೇಗೆ ಬರುವುದು?"

"ಒಂದು ಫೋನ್ ಮಾಡ್ಬಹುದಿತ್ತಲ್ಲ ಮಾಸ್ಟ್ರೇ. ನಾನು ಆ ಕಿವಿಯದ್ದೇ ಬೇಜಾರು ಅಂತ ಎಣಿಸಿದ್ದು."

"ಯಾವ ಕಿವಿ?" ಮಾಸ್ಟ್ರಿಗೆ ನಿಜವಾಗಿಯೂ ನೆನಪಿರಲಿಲ್ಲ. "ನಿನ್ನ ನಂಬರ್ ನನ್ನ ಹತ್ರ ಇಲ್ಲ. ಯಾವಾಗ ಬಂದ್ರೂ ನೀನು ಅಲ್ಲೇ ಇರ್ತಿದ್ದೆ, ನಂಬರ್ ಯಾಕೆ?"

ಒಳಗಿನಿಂದ ಅವರ ಹೆಂಡತಿ ತೆರೆಸಾ ಬಾಯಿ ಬಂದರು. ನರ್ಸ್ ಆಗಿ ನಿವೃತ್ತರಾದವರು. "ಬೇರೆಯವರನ್ನು ಕರೆಸ್ತೇನೆ ಅಂದ್ರೆ ಬೇಡ ಅಂತಾರೆ, ಸಂಜೀವನಿಗೆ ಗೊತ್ತಾದ್ರೆ ಬೇಜಾರಾಗ್ತದೆ ಅಂತ. ನಾನು ಇಂಜೆಕ್ಷನ್ ಬೇಕಾದ್ರೆ ಕೊಡ್ತೇನೆ, ಕಟ್ಟಿಂಗ್ ನನ್ನಿಂದ ಆಗುವುದಿಲ್ಲ," ಎಂದರು.

ಸಂಜೀವಣ್ಣ ಬಿಳಿ ಬಟ್ಟೆಯನ್ನು ಕೊಡವಿ ಮಾಸ್ಟ್ರ ಕೊರಳಿಗೆ ಸುತ್ತಿದರು. ಅಷ್ಟು ಹಗುರವಾಗಿ ಒಬ್ಬರು ಇನ್ನೊಬ್ಬರ ತಲೆ ಮುಟ್ಟುವುದನ್ನು ನಾನು ಕಂಡಿರಲಿಲ್ಲ. ಕಿವಿಯ ಬಳಿ ಬಂದಾಗ ಕತ್ತರಿಯನ್ನು ನಿಲ್ಲಿಸಿ, ಒಮ್ಮೆ ಉಸಿರು ಬಿಟ್ಟು, ಆಮೇಲೆ ಮುಂದುವರಿಸಿದರು. ಮಾಸ್ಟ್ರು ಮಗುವಿನಂತೆ ಕಣ್ಣು ಮುಚ್ಚಿದ್ದರು. ಜಗಲಿಯ ತುಂಬ ಎಳೆಬಿಸಿಲು. ಎರಡು ಮುಖಗಳೂ ನನಗೆ ಎದುರಾಗಿಯೇ ಇದ್ದವು. ಒಬ್ಬರಿಗೂ ನಾನು ಇರುವುದು ನೆನಪಿರಲಿಲ್ಲ. ಜನ್ಮದಲ್ಲಿ ಇಂಥ ಫೋಟೊ ಮತ್ತೆ ಸಿಗುವುದಿಲ್ಲ ಎಂದು ನನ್ನಂಥವನಿಗೂ ಗೊತ್ತಾಯಿತು. ಕ್ಯಾಮೆರಾಕ್ಕೆ ಕೈ ಹಾಕುವಷ್ಟರಲ್ಲಿ ತೆರೆಸಾ ಬಾಯಿ ಗೋಡೆಯ ದೊಡ್ಡ ಕನ್ನಡಿಯನ್ನು ಕಳಚಿ ತಂದು, "ಇದನ್ನೊಂದು ಹಿಡ್ಕೊಳ್ತೀರಾ? ಅವರಿಗೆ ನೋಡ್ಬೇಕಂತೆ," ಎಂದು ನನ್ನ ಎರಡೂ ಕೈಗಳಲ್ಲಿಟ್ಟರು. ಕ್ಯಾಮೆರಾ ಕನ್ನಡಿಗೂ ನನ್ನ ಎದೆಗೂ ನಡುವೆ ಸಿಕ್ಕಿ ಪಕ್ಕೆಲುಬು ಒತ್ತತೊಡಗಿತು.

"ಸ್ವಲ್ಪ ಬಲಕ್ಕೆ ಭಟ್ರೆ," ಎಂದರು ಸಂಜೀವಣ್ಣ. "ಸ್ವಲ್ಪ ಕೆಳಗೆ. ಹಾಂ, ಈಗ ಸರಿ ಆಯ್ತು. ಅಲುಗಾಡ್ಬೇಡಿ."

ನಾನು ಹಿಡಿದ ಚೌಕಟ್ಟು ಸರಿಯಾಗಿದೆ ಎಂದು ಒಬ್ಬರು ಹೇಳಿದ್ದು ಅದೇ ಮೊದಲು. ಕೈ ಸೋಲುವವರೆಗೂ ಅಲುಗಾಡದೆ ನಿಂತೆ.