ಒಂದು ಹುಳವಾದರೂ ಬೇಕು

ಓರ್ವಲನ ಗ್ರಹಚಾರ ಕೆಟ್ಟದ್ದು ಅವನ ಜೋಳದಲ್ಲಿ ಹುಳ ಇಲ್ಲದ್ದರಿಂದ.

ಬೆಳಿಗ್ಗೆ ಅವನು ಪಿಕಪ್ ಟ್ರಕ್ಕನ್ನು ಚರ್ಚಿನ ಎದುರು ನಿಲ್ಲಿಸಿ, ಮುಸುಕಿನ ಜೋಳದ ತೆನೆ ರಾಶಿ ಹಾಕಿ, ‘ನೈಸರ್ಗಿಕ ಜೋಳ’ ಎಂದು ಕೆಂಪು ಬಣ್ಣದಲ್ಲಿ ಬರೆದ ಹಲಗೆ ನೇತುಹಾಕಿದ್ದ. ಬಣ್ಣ ಇನ್ನೂ ಒಣಗಿರಲಿಲ್ಲ. ಮೊದಲು ಬಂದವಳು ಬರ್ನಡೀನ್. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದ ಆಕೆ ಆ ಸಂಜೆಯ ಜೋಳದ ಸ್ಪರ್ಧೆಗೆ ತೀರ್ಪುಗಾರ್ತಿ. ತುದಿ ಸುಲಿದು ನೋಡದೆ ತೆನೆ ಕೊಳ್ಳುವವರನ್ನು ಆಕೆ ಮನುಷ್ಯರೆಂದೇ ಎಣಿಸುತ್ತಿರಲಿಲ್ಲ. ಒಂದು ಸುಲಿದಳು, ಇನ್ನೊಂದು ಸುಲಿದಳು, ರಾಶಿಯ ಅಡಿಯಿಂದ ಮತ್ತೊಂದನ್ನು ಎಳೆದು ಸುಲಿದಳು.

“ಓರ್ವಲ್, ಹುಳ ಎಲ್ಲಿ?”

“ಒಂದೂ ಇಲ್ಲ, ಬರ್ನಡೀನ್!” ಮಗಳಿಗೆ ಒಳ್ಳೆಯ ಸಂಬಂಧ ಕುದುರಿದವನಂತೆ ಹಿಗ್ಗಿ ಹೇಳಿದ ಓರ್ವಲ್.

“ಔಷಧಿ ಹೊಡ್ದಿದೀಯಾ?”

“ದೇವರಾಣೆಗೂ ಇಲ್ಲ.”

“ಔಷಧೀನೂ ಇಲ್ಲ, ಹುಳಾನೂ ಇಲ್ಲ. ಇದ್ಯಾವ ನಿಸರ್ಗ ಮಾರಾಯ? ನಮ್ಮೂರು ನೋರಾ ಕ್ರೀಕಿನ ನಿಸರ್ಗದಲ್ಲಂತೂ ಆಗಸ್ಟಲ್ಲಿ ಹುಳ ಇರತ್ತೆ. ಸಂಜೆ ಒಂದಾದ್ರೂ ಹುಳ ತೋರ್ಸು. ಇಲ್ಲಾಂದ್ರೆ ಆ ಹಲಗೆ ಇಳ್ಸು.”

ಸಂಜೆ ಎಂದರೆ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ನಡೆಯುವ ಜೋಳದೂಟ. ಗೆದ್ದವನ ಜೋಳವೇ ಅಂದು ಕೆಂಡಕ್ಕೆ ಬೀಳುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಗೆದ್ದವನು ಬೆಂಕಿ ಆರಿಸುವ ಲಾರಿಯನ್ನು ಹತ್ತಿ ಸೈರನ್ನಿನ ಹಗ್ಗ ಎಳೆಯಬೇಕು. ಆಮೇಲೆಯೇ ಊರು ಬಾಯಿ ಹಾಕುವುದು. ವರ್ಷಗಳಿಂದ ಆ ಹಗ್ಗ ಪಕ್ಕದ ಹೊಲದ ಗೇಲನ್ನನ ಕೈಯಲ್ಲಿತ್ತು. ಪ್ರತಿ ವರ್ಷ ಸೈರನ್ ಕೂಗಿದಾಗ ಓರ್ವಲ್ ಚಪ್ಪಾಳೆ ತಟ್ಟುತ್ತಿದ್ದ. ಮನೆಗೆ ಹೋಗುವ ದಾರಿಯಲ್ಲಿ ಮಾತಾಡುತ್ತಿರಲಿಲ್ಲ.

ವಿಷಯ ಕೇಳಿ ಹೆಂಡತಿ ಮಾರ್ಲಿಸ್ ಮುಖ ಕೂಡ ಎತ್ತಲಿಲ್ಲ. “ಬೀಜದ ಚೀಲದ ಮೇಲೆ ಕುಲಾಂತರಿ ಅಂತ ಅಷ್ಟು ದಪ್ಪಕ್ಕೆ ಬರ್ದಿದೆ. ಇದನ್ನ ತಿಂದ ಹುಳ ಉಳಿಯಲ್ಲ ಅಂತ ನಾನೇ ಓದಿ ಹೇಳಿದ್ದೆ.”

“ಚೀಲದ ಮೇಲಿದೆ, ಜೋಳದ ಮೇಲಿಲ್ಲ. ಮಣ್ಣು ನಂದು, ಬಿಸಿಲು ದೇವರದು, ಬೆವರು ನಂದು. ಇದ್ರಲ್ಲಿ ನಿಸರ್ಗಕ್ಕೆ ಹೊರಗಿನದು ಯಾವ್ದು ಹೇಳು?”

“ನಿನ್ನ ತಲೆ.”

ಓರ್ವಲ್ ಅವಳ ಹುಬ್ಬು ಕೀಳುವ ಚಿಮಟವನ್ನೂ ಖಾಲಿ ಜಾಮ್ ಬಾಟಲಿಯನ್ನೂ ಜೇಬಿಗಿಳಿಸಿ ಹೊರಟ.

ಹುಳ ಬೇಕೆಂದರೆ ಗೇಲನ್ನನ ಹೊಲವೇ ಗತಿ. ರಸ್ತೆಯ ಬದಿಯ ಸಾಲು ಕಣ್ಣು ಸೆಳೆಯುವಂತಿತ್ತು. ಓರ್ವಲ್ ಮಂಡಿಯೂರಿ ಒಂದೊಂದೇ ತೆನೆಯ ಜುಟ್ಟು ಬಿಡಿಸಿ, ಹಲ್ಲಿನ ವೈದ್ಯನಂತೆ ಉಸಿರು ಬಿಗಿಹಿಡಿದು ಹುಳ ಕಿತ್ತ. ಹೆಚ್ಚಿನವು ತೆಪ್ಪಗೆ ಬಂದವು. ಗುಲಾಬಿ ಪಟ್ಟೆಯ ಒಂದು ಹುಳ ಮಾತ್ರ ಕಾಳನ್ನು ಅಪ್ಪಿ ಹಿಡಿದು, ತಲೆ ಎತ್ತಿ, ಅವನನ್ನೇ ನೋಡಿತು. ಓರ್ವಲ್ ಮೊದಲು ನೋಟ ತಪ್ಪಿಸಿದ. ಆಮೇಲೆ ಕಿತ್ತ.

“ಏನ್ ಹುಡುಕ್ತಿದೀಯ?” ಹಿಂದೆ ಗೇಲನ್ ನಿಂತಿದ್ದ.

“ಕನ್ನಡಕ.”

“ಮೂಗಿನ ಮೇಲಿದೆ.”

“ಹೌದಲ್ಲ! ಥ್ಯಾಂಕ್ಸ್ ಗೇಲನ್.”

ಅಯೋವಾದ ಆ ಸೀಮೆಯಲ್ಲಿ ನೆರೆಯವರು ಜಗಳವಾಡುವುದಿಲ್ಲ, ಸುಮ್ಮನಿರುತ್ತಾರೆ. ಗೇಲನ್ ಬಹಳ ಹೊತ್ತು ಸುಮ್ಮನಿದ್ದ. ಬಾಟಲಿಯೊಳಗೆ ಹುಳಗಳು ಹೊರಳುವುದೂ ಕೇಳಿಸೀತೆಂದು ಓರ್ವಲ್ ಕೆಮ್ಮಿದ. “ಬಿಸಿಲು ಜೋರು,” ಎಂದು ಗೇಲನ್ ಹೊರಟುಹೋದ.

ಸಂಜೆ ಬಿಳಿ ಬಟ್ಟೆ ಹಾಸಿದ ಉದ್ದ ಮೇಜಿನ ಮೇಲೆ ಇಬ್ಬರ ತಟ್ಟೆಗಳನ್ನೂ ಅಕ್ಕಪಕ್ಕ ಇಟ್ಟಿದ್ದರು. ಬರ್ನಡೀನ್ ಏಪ್ರನ್ ಬಿಗಿದುಕೊಂಡು ಓರ್ವಲನ ಮೊದಲ ತೆನೆ ಸುಲಿದಳು.

“ಹುಳ!”

ಜನ ಹೋ ಎಂದರು. ಎರಡನೆಯದರಲ್ಲೂ ಹುಳ. ಮೂರನೆಯದರಲ್ಲಿ ಗುಲಾಬಿ ಪಟ್ಟೆಯದೇ ತಲೆ ಹೊರಗೆ ಹಾಕಿತು. ಓರ್ವಲನ ಎದೆ ಉಬ್ಬಿ ಅಂಗಿಯ ಗುಂಡಿ ಎಳೆದಾಡಿತು.

“ನಾನು ತಪ್ಪು ತಿಳಿದಿದ್ದೆ ಕಣಯ್ಯ,” ಎಂದಳು ಬರ್ನಡೀನ್. “ಇದು ಅಪ್ಪಟ ನೈಸರ್ಗಿಕ.”

ಆಮೇಲೆ ಗೇಲನ್ನನ ತಟ್ಟೆ. ಪ್ರತಿ ವರ್ಷದಂತೆ ರಸ್ತೆ ಬದಿಯ ಸಾಲಿನಿಂದಲೇ ಅವನು ತೆನೆ ಮುರಿದು ತಂದಿದ್ದ. ಬರ್ನಡೀನ್ ಎಲ್ಲವನ್ನೂ ಸುಲಿದಳು. ಹುಳವಿಲ್ಲ.

“ಗೇಲನ್! ಏನಯ್ಯಾ ಇದು? ನೀನು ಔಷಧಿ ಹೊಡ್ಯೋಕೆ ಶುರು ಮಾಡ್ಕೊಂಡ್ಯಾ?”

ಗೇಲನ್ ಬೀಟ್‌ರೂಟಿನಂತೆ ಕೆಂಪಾಗಿ ಸುಮ್ಮನೆ ನಿಂತ. ಓರ್ವಲನಿಗೆ ಔದಾರ್ಯ ಉಕ್ಕಿತು. “ಬಿಡಿ ಬಿಡಿ, ಪಾಪ. ಎಲ್ರಿಗೂ ನಿಸರ್ಗ ಒಲಿಯತ್ತಾ?” ಎಂದು ಅವನ ಬೆನ್ನು ತಟ್ಟಿದ. ಚಪ್ಪಾಳೆಯ ನಡುವೆ ಲಾರಿ ಹತ್ತಿದ. ಹಗ್ಗ ಅಂಗೈಗೆ ಬಂತು. ಇಷ್ಟು ವರ್ಷ ದೂರದಿಂದ ಕಂಡದ್ದಕ್ಕಿಂತ ಅದು ದಪ್ಪವಿತ್ತು. ಆ ಗಳಿಗೆಯನ್ನು ಚಪ್ಪರಿಸಲು ಅವನು ಒಮ್ಮೆ ಕಣ್ಣು ಮುಚ್ಚಿದ.

ಕಣ್ಣು ತೆರೆದಾಗ ಚಪ್ಪಾಳೆ ನಿಂತಿತ್ತು. ಯಾರೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲರೂ ಮೇಜು ನೋಡುತ್ತಿದ್ದರು.

ಬೆಳಗಿನಿಂದ ಉಪವಾಸವಿದ್ದ ಹುಳಗಳು ಓರ್ವಲನ ತಟ್ಟೆಯಿಂದ ಇಳಿದಿದ್ದವು. ಒಂದರ ಹಿಂದೊಂದು, ದಿಬ್ಬಣದ ಹಾಗೆ, ಬಿಳಿ ಬಟ್ಟೆಯ ಮೇಲೆ ತೆವಳುತ್ತ ಗೇಲನ್ನನ ತಟ್ಟೆಗೆ ಹೊರಟಿದ್ದವು. ಮುಂದಾಳು ಗುಲಾಬಿ ಪಟ್ಟೆ. ಅದು ಗೇಲನ್ನನ ತೆನೆಯ ಅಂಚಿಗೆ ಹತ್ತಿ, ಸುಲಿದ ಸಿಪ್ಪೆಯೊಳಗೆ ನುಗ್ಗಿ, ಮೊದಲ ಕಾಳಿಗೆ ಬಾಯಿ ಹಾಕಿತು.

ಕೊನೆಗೆ ಗೇಲನ್ ಬಾಯಿ ತೆರೆದ. “ಓರ್ವಲ್, ಕನ್ನಡಕ ಸಿಕ್ತಾ?”

ಹಗ್ಗವನ್ನು ಗೇಲನ್ನೇ ಎಳೆದ. ಸೈರನ್ ಕೂಗಿತು. ಸ್ಪರ್ಧೆಯ ತೆನೆಗಳೂ ಸೇರಿದಂತೆ ಗೇಲನ್ನನ ನೈಸರ್ಗಿಕ ಜೋಳ ಸಿಪ್ಪೆಸಹಿತ ಕೆಂಡಕ್ಕೆ ಬಿತ್ತು. ಓರ್ವಲ್ ಅಂಗಳದ ಬದಿಗೆ ತಂದು ನಿಲ್ಲಿಸಿದ್ದ ಟ್ರಕ್ಕಿನ ಬಳಿ ಹೋಗಿ ಹಲಗೆ ಬಿಚ್ಚಿದ. ಅಷ್ಟರಲ್ಲಿ ಯಾರೋ ತೋಳು ಮುಟ್ಟಿದರು. ಅಂಚೆ ಹಂಚುವ ಮನುಷ್ಯ.

“ಓರ್ವಲ್, ಅದೇನು, ಹುಳಾನೂ ಮುಟ್ಟಲ್ವಾ ನಿನ್ನ ಜೋಳ?”

“ಮುಟ್ಟಲ್ಲ.” ಓರ್ವಲ್ ತಲೆ ತಗ್ಗಿಸಿದ.

“ಹಾಗಾದ್ರೆ ಒಂದು ಚೀಲ ತುಂಬ್ಸು. ನಮ್ಮನೆಯವಳಿಗೆ ಹುಳ ಕಂಡ್ರೆ ವಾಂತಿ. ಗೇಲನ್‌ಗೆ ಹೇಳ್ಬೇಡ.”

ಅವನ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಪಾದ್ರಿ, ಪಾದ್ರಿಯ ಹಿಂದೆ ಟ್ರಕ್ಕಿನ ಸುತ್ತ ಬಳಸಿದ ಸಾಲು. ಎಲ್ಲರೂ ಪಿಸುಮಾತಿನಲ್ಲೇ ಕೇಳಿದರು. ಓರ್ವಲ್ ಹಲಗೆ ಮಗುಚಿ, ‘ಕುಲಾಂತರಿ. ಹುಳಕ್ಕೂ ಬೇಡದ ಜೋಳ’ ಎಂದು ಬರೆದು ಎತ್ತರಕ್ಕೆ ತೂಗುಹಾಕಿದ. ಊರಲ್ಲೆಲ್ಲ ಅವನೇ ರಾಜ. ಕೊನೆಗೆ ಬಂದ ಬರ್ನಡೀನ್ ಏಪ್ರನ್ ಒಡ್ಡಿ, ಸುಲಿದು ಕೂಡ ನೋಡದೆ, ಸ್ಪರ್ಧೆಯ ತಟ್ಟೆಯಲ್ಲಿ ಉಳಿದಿದ್ದ ಅವನ ತೆನೆಗಳನ್ನೂ ಬಾಚಿಕೊಂಡು ಹೋದಳು. ಟ್ರಕ್ಕಿನಲ್ಲಿ ಜುಟ್ಟಿನ ಎಳೆಯೂ ಉಳಿಯಲಿಲ್ಲ.

ಗೆದ್ದ ಹಸಿವು ಸೋತ ಹಸಿವಿಗಿಂತ ಜೋರು. ಓರ್ವಲ್ ಮಾರ್ಲಿಸಳ ಪಕ್ಕ ಬೆಂಚಿನ ಮೇಲೆ ಧೊಪ್ಪನೆ ಕೂತು, ಕೆಂಡದಲ್ಲಿ ತನ್ನ ಪಾಲಿಗೆ ಉಳಿದಿದ್ದ ಗೇಲನ್ನನ ಒಂದೇ ತೆನೆಯ ಕರಕಲು ಸಿಪ್ಪೆ ಸುಲಿದ.

ತುದಿಯಲ್ಲಿ, ಹೊಟ್ಟೆ ತುಂಬ ಉಂಡು, ಹದವಾಗಿ ಬೆಂದು ಮಲಗಿತ್ತು ಗುಲಾಬಿ ಪಟ್ಟೆ.

ಮಾರ್ಲಿಸ್ ಬೆಣ್ಣೆಯ ಬಟ್ಟಲನ್ನು ಅವನತ್ತ ಸರಿಸಿದಳು.

“ನೈಸರ್ಗಿಕ,” ಎಂದಳು. “ತಿನ್ನು.”