ಎಂಟಡಿ ಎತ್ತರದ ಅಡ್ಡಹಾದಿ

ಎಡ್ಮಂಡ್ ಆ ಮಾತು ಆಡಬಾರದಿತ್ತು.

"ಎಂಟಡಿಗೆ ಎಂತ ಹೆದರಿಕೆ? ಅಷ್ಟು ಎತ್ತರಕ್ಕೆ ನಾನೂ ಹೋಗುತ್ತೇನೆ."

ಶನಿವಾರ ಸಂಜೆ, ಅಂಬಲಪಾಡಿಯ ಫ್ಲ್ಯಾಟಿನ ಲಿಫ್ಟ್ ಕೆಟ್ಟು ನಿಂತಿದ್ದಾಗ, ಮೆಟ್ಟಿಲ ಬುಡದಲ್ಲಿ ಅವನು ಅದನ್ನು ಹೇಳಿದ್ದು ಮೇಲಿನ ಮನೆಯ ತನ್ವಿಗೆ. ಅವಳು ಮಣಿಪಾಲದ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಭಾನುವಾರ ಬಂಡೆ ಹತ್ತುತ್ತಾಳೆ. ಎಡ್ಮಂಡ್‌ಗೆ ನಲವತ್ತಾರು ವರ್ಷ. ಉಡುಪಿಯ ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವ ಕೆಲಸ. ಕುಳಿತೇ ಮಾಡುವ ಕೆಲಸವಾದ್ದರಿಂದ ಹೊಟ್ಟೆ ಅಂಗಿಯ ಗುಂಡಿಗಳ ಜೊತೆ ದಿನವೂ ಜಗಳವಾಡುತ್ತಿತ್ತು.

ಪಕ್ಕದಲ್ಲಿ ಎದುರು ಮನೆಯ ಹೆರಾಲ್ಡ್ ನಿಂತಿದ್ದ. ಕುವೈತಿನಿಂದ ನಿವೃತ್ತನಾಗಿ ಬಂದ ಮೇಲೆ ಬೇರೆಯವರ ಸುದ್ದಿ ಸಾಗಿಸುವುದೇ ಅವನ ಉದ್ಯೋಗ. ಎಡ್ಮಂಡ್ ಏದುಸಿರು ಬಿಡುತ್ತ ಮೂರನೇ ಮಾಳಿಗೆ ತಲುಪುವಷ್ಟರಲ್ಲಿ ಹೆಂಡತಿ ರೋಸಲಿನ್ ಬಾಗಿಲಲ್ಲೇ ಕಾದಿದ್ದಳು.

"ನಾಳೆ ಕಾರ್ಕಳದಲ್ಲಿ ಬಂಡೆ ಹತ್ತುತ್ತೀರಂತೆ. ಹೆರಾಲ್ಡ್ ಫೋನ್ ಮಾಡಿದ್ದ. ಇನ್ಶೂರೆನ್ಸ್ ಕಾಗದ ಎಲ್ಲಿಟ್ಟಿದ್ದೀರಿ?"

ವಿಷಯ ಇಷ್ಟು. ಕಾರ್ಕಳದ ಹೊರವಲಯದಲ್ಲಿ ಸುಂದರಣ್ಣನ ಮನೆಯ ಹಿಂದೆ ಒಂದು ಒಳ್ಳೆಯ ಬಂಡೆ ಉಂಟು. ಅಲ್ಲಿ ಶಾಲೆಯ ಮಕ್ಕಳಿಗೆ ಬಂಡೆ ಹತ್ತುವುದನ್ನು ಕಲಿಸಬೇಕೆಂದು ತನ್ವಿಯ ಆಸೆ. ನಲವತ್ತು ಮಕ್ಕಳು ಹೆಸರು ಕೊಟ್ಟಾಗಿತ್ತು. ಆದರೆ ಜಾಗದ ಯಜಮಾನ ಸುಂದರಣ್ಣ ಒಪ್ಪಿರಲಿಲ್ಲ.

"ನೀವು ಮಂಗನ ಹಾಗೆ ಹತ್ತುವವರು, ನಿಮ್ಮನ್ನು ನೋಡಿ ನಾನು ಎಂತ ತೀರ್ಮಾನ ಮಾಡುವುದು? ಒಬ್ಬ ಸಾಧಾರಣ ಮನುಷ್ಯನನ್ನು ತನ್ನಿ. ಅವನು ಈ ತುದಿಯಿಂದ ಆ ತುದಿಗೆ ಹೋಗಲಿ. ಯಾರಿಗೂ ಪೆಟ್ಟಾಗದಿದ್ದರೆ ಗೇಟು ತೆರೆಯುತ್ತೇನೆ. ಪೆಟ್ಟಾದರೆ ಬೀಗ" ಎಂದಿದ್ದರು.

ಸಾಧಾರಣ ಮನುಷ್ಯನಿಗಾಗಿ ತನ್ವಿ ಒಂದು ವಾರದಿಂದ ಹುಡುಕುತ್ತಿದ್ದಳು. ಎಡ್ಮಂಡ್‌ನಷ್ಟು ಸಾಧಾರಣ ಮನುಷ್ಯ ಇಡೀ ಜಿಲ್ಲೆಯಲ್ಲಿ ಸಿಗುವುದು ಕಷ್ಟವಿತ್ತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವರು ಬಂಡೆಯ ಮುಂದೆ ನಿಂತಿದ್ದರು. ಊಟ ಮಾಡಿ ಮಗ್ಗುಲಾದ ಆನೆಯ ಹಾಗೆ ಅದು ಮಲಗಿತ್ತು. ಅದರ ಹೊಟ್ಟೆಗೆ ಅಡ್ಡಲಾಗಿ ನಲವತ್ತಡಿ ಉದ್ದದ ಒಂದು ಬಿರುಕು. ಕೈ ಬಿರುಕಿನಲ್ಲಿ, ಕಾಲು ಕೆಳಗಿನ ಸಣ್ಣ ಉಬ್ಬುಗಳ ಮೇಲೆ. ಏಡಿಯ ಹಾಗೆ ಅಡ್ಡಕ್ಕೆ ನಡೆಯಬೇಕು. ಕಾಲು ನೆಲದಿಂದ ಎಂಟಡಿಗಿಂತ ಮೇಲೆ ಹೋಗುವುದೇ ಇಲ್ಲ.

ಸುಂದರಣ್ಣ ಕಾಫಿ ಲೋಟ ಹಿಡಿದು ಬಂದರು. ಆರಡಿ ಎತ್ತರ, ಬಾಗಿಲು ತುಂಬುವ ಮೈ. ಹಿಂದೆ ಹೆಂಡತಿ ಕುಶಲಕ್ಕ, ಅವರ ಹಿಂದೆ ಮನೆಯ ಕಂದು ನಾಯಿ.

"ಹಗ್ಗ ಎಲ್ಲಿ? ಮೇಲಿಂದ ಸೊಂಟಕ್ಕೆ ಒಂದು ಹಗ್ಗ ಕಟ್ಟಿದರೆ ಮುಗಿಯಿತಲ್ವಾ?" ಎಂದರು ಸುಂದರಣ್ಣ.

"ಇಲ್ಲಿ ಹಗ್ಗವೇ ಅಪಾಯ ಸರ್" ಎಂದಳು ತನ್ವಿ. "ನೇರ ಮೇಲೆ ಹತ್ತುವಾಗ ಹಗ್ಗ ಸರಿ. ಇವರು ಅಡ್ಡಕ್ಕೆ ಹೋಗುವುದು. ಜಾರಿದರೆ ಗಡಿಯಾರದ ಲೋಲಕದ ಹಾಗೆ ತೂಗಿಕೊಂಡು ಹೋಗಿ ಆಚೆ ಬಂಡೆಗೆ ಬಡಿಯುತ್ತಾರೆ. ಹಗ್ಗ ಸ್ವಲ್ಪ ಎಳೆದುಕೊಳ್ಳುತ್ತದೆ ಬೇರೆ. ಎಂಟಡಿ ಅಂದರೆ ಅದು ಬಿಗಿಯುವ ಮೊದಲೇ ನೆಲ ಬಂದಿರುತ್ತದೆ."

ಎಡ್ಮಂಡ್ ಬಿರುಕನ್ನು ಇನ್ನೊಮ್ಮೆ ನೋಡಿದ. ನಿನ್ನೆ ಮೆಟ್ಟಿಲ ಬುಡದಲ್ಲಿ ಎಂಟಡಿ ಬಹಳ ಕಡಿಮೆಯಿತ್ತು.

ತನ್ವಿ ನೆಲದ ಕಲ್ಲುಗಳನ್ನೆಲ್ಲ ಹೆಕ್ಕಿ ಆಚೆ ಎಸೆದಳು. ಕಾರಿನಿಂದ ದಪ್ಪ ದಪ್ಪದ ಎರಡು ಸ್ಪಂಜಿನ ಹಾಸಿಗೆ ಇಳಿಸಿದಳು. ಅವನು ಒಂದರ ಮೇಲಿರುವಾಗ ಇನ್ನೊಂದನ್ನು ಮುಂದೆ ಹಾಕಬೇಕು, ನಡುವೆ ಸಂದು ಬಿಡಬಾರದು. ಹಾಸಿಗೆ ಎಳೆಯುವ ಕೆಲಸ ಹೆರಾಲ್ಡ್ ಮತ್ತು ರೋಸಲಿನ್‌ಗೆ. ತನ್ವಿ ಎಡ್ಮಂಡ್‌ನ ಬೆನ್ನ ಹಿಂದೆಯೇ ಕೈಯೆತ್ತಿಕೊಂಡು ನಡೆಯುತ್ತಾಳೆ. ಬಿದ್ದರೆ ತಲೆ ಮೇಲಾಗಿ, ಬೆನ್ನು ಹಾಸಿಗೆಗೆ ಆಗುವಂತೆ ತಿರುಗಿಸುತ್ತಾಳೆ.

ಎಡ್ಮಂಡ್ ಶಿಲುಬೆಯ ಗುರುತು ಮಾಡಿಕೊಂಡು ಹತ್ತಿದ.

ಮೊದಲ ಹತ್ತಡಿ ಚೆನ್ನಾಗಿಯೇ ಹೋಯಿತು. ಬೆರಳು ಬಿರುಕಿನಲ್ಲಿ ಹಿತವಾಗಿ ಕೂರುತ್ತಿತ್ತು, ತನ್ವಿ ಬಾಡಿಗೆಗೆ ತಂದಿದ್ದ ಬಂಡೆ ಹತ್ತುವ ಶೂ ಹಲ್ಲಿಯ ಪಾದದ ಹಾಗೆ ಕಚ್ಚಿಕೊಳ್ಳುತ್ತಿತ್ತು. ಎದೆಯೊಳಗೆ ಚೆಂಡೆ ಬಾರಿಸುತ್ತಿದ್ದರೂ ಅದರಲ್ಲೊಂದು ಖುಷಿಯಿತ್ತು.

"ಎಡಗಾಲು ಇನ್ನೂ ಎಡಕ್ಕೆ" ಎಂದಳು ತನ್ವಿ.

"ಅಲ್ಲ, ಮೇಲೆ" ಎಂದರು ಸುಂದರಣ್ಣ.

"ಅವರಿಗೆ ಒಂದು ಲೋಟ ನೀರಾದರೂ ಕೊಡಿ" ಎಂದರು ಕುಶಲಕ್ಕ. ಹೇಳಿ ಸುಮ್ಮನಾಗದೆ ಲೋಟ ಹಿಡಿದು ಬಂಡೆಯ ಬುಡಕ್ಕೇ ಬಂದರು. ತನ್ವಿ ಅವರನ್ನು ಮೆಲ್ಲನೆ ಬದಿಗೆ ಸರಿಸಿದಳು.

ಅರ್ಧ ದಾರಿಯಲ್ಲಿ ಬಿರುಕು ಸಪೂರವಾಯಿತು. ಬೆರಳಿನ ತುದಿ ಮಾತ್ರ ಹಿಡಿಯುತ್ತಿತ್ತು. ಎಡ್ಮಂಡ್‌ನ ಮೊಣಕಾಲು ಹೊಲಿಗೆ ಮೆಶಿನ್ನಿನ ಸೂಜಿಯ ಹಾಗೆ ಕುಣಿಯತೊಡಗಿತು. ಕೆಳಗೆ ನೋಡಿದ. ಒಂದು ಹಾಸಿಗೆ ಹಿಂದೆ ಉಳಿದಿತ್ತು, ಇನ್ನೊಂದು ಮುಂದೆ ಬಂದಿರಲಿಲ್ಲ.

"ಹೆರಾಲ್ಡ್, ಹಾಸಿಗೆ ಎಲ್ಲಿ?"

"ಒಂದು ನಿಮಿಷ ಮಾರಾಯ, ನಾಯಿ ಏಳುವುದಿಲ್ಲ."

ಮೂರು ಅಡಿ ಹಿಂದೆ, ಆ ಹಾಸಿಗೆಯ ನಟ್ಟನಡುವೆ, ಕಂದು ನಾಯಿ ಸುರುಳಿ ಸುತ್ತಿ ಮಲಗಿತ್ತು. ಹೆರಾಲ್ಡ್ ಒಂದು ಕೈಯಲ್ಲಿ ಮೊಬೈಲಿನಿಂದ ವಿಡಿಯೊ ತೆಗೆಯುತ್ತ, ಇನ್ನೊಂದು ಕೈಯಲ್ಲಿ ಅದನ್ನು ತಟ್ಟುತ್ತಿದ್ದ. ನಾಯಿ ಬಾಲ ಆಡಿಸಿತು, ಅಷ್ಟೆ.

"ನನ್ನ ಕೈ ಬಿಡುತ್ತಾ ಉಂಟು."

"ಬಿಡಬೇಡಿ ಅಂಕಲ್. ಕೈ ಉದ್ದ ಮಾಡಿ, ಮಂಡಿ ಬಗ್ಗಿಸಿ, ಭಾರ ಕಾಲಿಗೆ ಕೊಡಿ. ಉಸಿರು ಬಿಡಿ" ಎಂದಳು ತನ್ವಿ. ಎತ್ತಿದ ಅವಳ ಎರಡೂ ಅಂಗೈ ಅವನ ಹಿಮ್ಮಡಿಯಿಂದ ಒಂದು ಗೇಣು ಕೆಳಗಿತ್ತು.

ರೋಸಲಿನ್‌ಗೆ ತಡೆಯಲಿಲ್ಲ. ಅವಳು ಹಾಸಿಗೆಯ ಪಟ್ಟಿ ಹಿಡಿದು, ನಾಯಿ ಸಮೇತ ಮುಂದಕ್ಕೆ ಎಳೆದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಗಂಡನಿಗಾಗಿ ಇಷ್ಟು ಜೋರಾಗಿ ಏನನ್ನೂ ಎಳೆದಿರಲಿಲ್ಲ. ಪಲ್ಲಕ್ಕಿಯಲ್ಲಿ ಕುಳಿತಂತೆ ನಾಯಿ ಮೆರವಣಿಗೆ ಬಂತು. ಎಡ್ಮಂಡ್‌ನ ಬಲಗಾಲು ಜಾರಿತು. ಅವನು ಕೆನ್ನೆಯನ್ನು ಬಂಡೆಗೆ ಒತ್ತಿ, ಕಾಲನ್ನು ತಡವಿ ತಡವಿ ಒಂದು ಉಬ್ಬಿಗೆ ತಾಗಿಸಿ ನಿಂತ. ಆಮೇಲೆ ಒಂದು ಹೆಜ್ಜೆ. ಮತ್ತೊಂದು. ಬಿರುಕು ಪುನಃ ಅಗಲವಾಯಿತು. ಈಗ ಯಾರೂ ಸಲಹೆ ಕೊಡುತ್ತಿರಲಿಲ್ಲ. ಕೊನೆಯ ಐದಡಿಯನ್ನು ಅವನು ಓಡಿದ ಹಾಗೆ ದಾಟಿ ಆಚೆ ತುದಿಯ ಕಟ್ಟೆಗೆ ಇಳಿದ.

ಮೈಯಲ್ಲಿ ಒಂದು ಗೀರೂ ಇರಲಿಲ್ಲ. ಎಡ್ಮಂಡ್‌ಗೆ ತನ್ನ ಹೆಸರು ಬಿಟ್ಟು ಬೇರೆಲ್ಲ ಮರೆತಷ್ಟು ಸಂತೋಷವಾಯಿತು. ತನ್ವಿ ಅವನ ಕೈ ಹಿಡಿದು ಕುಣಿದಳು.

ಸುಂದರಣ್ಣ ಮಾತ್ರ ಬಂಡೆಯನ್ನೇ ನೋಡುತ್ತಿದ್ದರು. ಕಾಫಿ ಲೋಟ ಹೆಂಡತಿಗೆ ಕೊಟ್ಟು ಪಂಚೆ ಎತ್ತಿ ಕಟ್ಟಿದರು.

"ಇವರು ಹೋಗುವುದಾದರೆ ನಾನು ಯಾಕೆ ಹೋಗಬಾರದು?"

"ಸರ್, ಇವತ್ತು ಬೇಡ, ಶೂ ಇಲ್ಲ" ಎಂದಳು ತನ್ವಿ.

"ಹುಟ್ಟಿದಂದಿನಿಂದ ಈ ಬಂಡೆ ನನ್ನದು, ಅದಕ್ಕೆ ಶೂ ಎಂತಕ್ಕೆ? ಹಾಸಿಗೆ ಹಾಕಿ. ಎಡ್ಮಂಡರು ನನ್ನ ಹಿಂದೆ ನಿಲ್ಲಲಿ. ಅನುಭವ ಇರುವವರು."

ಬೇಡವೆಂದರೆ ಗೇಟಿಗೆ ಬೀಗ. ತನ್ವಿ ಎಡ್ಮಂಡ್‌ನ ಕಿವಿಯಲ್ಲಿ ಹೇಳಿದಳು, "ಬಿದ್ದರೆ ಹಿಡಿಯಲು ಹೋಗಬೇಡಿ ಅಂಕಲ್. ಹಾಸಿಗೆ ಕಡೆ ತಿರುಗಿಸಿ ಸಾಕು. ನಾನೂ ಪಕ್ಕದಲ್ಲಿರುತ್ತೇನೆ."

ಸುಂದರಣ್ಣ ಆರಡಿ ದೂರ ಹೋದರು. ಏಳನೆಯ ಅಡಿಯಲ್ಲಿ ಬರಿಗಾಲು ಜಾರಿತು. ತಿರುಗಿಸುವುದು, ಹಿಡಿಯುವುದು ಎಂಬ ವ್ಯತ್ಯಾಸವೆಲ್ಲ ಎಡ್ಮಂಡ್‌ನ ತಲೆಯಿಂದ ಹಾರಿತು. ಅವನು ಎರಡೂ ತೋಳು ಚಾಚಿ, ಬೀಳುವ ಮಗುವನ್ನು ಹಿಡಿಯುವ ಹಾಗೆ, ನೂರಹತ್ತು ಕಿಲೋ ಸುಂದರಣ್ಣನನ್ನು ಹಿಡಿದ.

ಇಬ್ಬರೂ ಹಾಸಿಗೆಗೆ ಬಿದ್ದರು, ಎಡ್ಮಂಡ್ ಕೆಳಗೆ. ಬಲಗೈಯ ಕಿರುಬೆರಳಿನಿಂದ ಕಡ್ಡಿ ಮುರಿದಂಥ ಸದ್ದು ಬಂತು. ಅದು ಅವನಿಗೆ ಮಾತ್ರ ಕೇಳಿಸಿತು.

ಸುಂದರಣ್ಣ ಎದ್ದು ಮೈ ಕೊಡವಿಕೊಂಡರು. ಮುಖದಲ್ಲಿ ಹದಿನಾರರ ಹುಡುಗನ ಕಳೆ. "ಏನೂ ಆಗಲಿಲ್ಲ ನೋಡಿ, ಹತ್ತಿ ಮೂಟೆಗೆ ಬಿದ್ದ ಹಾಗಾಯಿತು. ನಿಮಗೇನಾದರೂ ಪೆಟ್ಟಾಯಿತಾ, ಎಡ್ಮಂಡರೇ?"

ಎಡ್ಮಂಡ್ ತನ್ವಿಯ ಮುಖ ನೋಡಿದ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಲವತ್ತು ಮಕ್ಕಳು.

"ಛೆ, ಎಂತದೂ ಇಲ್ಲ" ಎಂದ.

ಸುಂದರಣ್ಣ ಆನಂದದಿಂದ ಅದೇ ಬಲಗೈ ಹಿಡಿದು ಕೈಪಂಪು ಒತ್ತುವಂತೆ ಕುಲುಕಿದರು. "ಎಂತ ಮಾರಾಯ್ರೇ, ಕಣ್ಣಲ್ಲಿ ನೀರು?"

"ಸಂತೋಷಕ್ಕೆ" ಎಂದಳು ರೋಸಲಿನ್. ಬೆರಳು ಸೊಟ್ಟಗಾದುದನ್ನು ಅವಳು ನೋಡಿಯಾಗಿತ್ತು.

"ಮಕ್ಕಳು ಬರಲಿ. ಗೇಟು ಪ್ರತಿ ಭಾನುವಾರ ತೆರೆದಿರುತ್ತದೆ" ಎಂದರು ಸುಂದರಣ್ಣ. "ಆದರೆ ಕೆಳಗೆ ನಿಲ್ಲುವುದು ಇವರೇ. ಬೇರೆ ಯಾರ ಮೇಲೂ ನನಗೆ ನಂಬಿಕೆ ಇಲ್ಲ. ಮುಂದಿನ ವಾರ ಕಾಪುವಿನಿಂದ ನನ್ನ ಭಾವನೂ ಬರುತ್ತಾನೆ, ಈಗಲೇ ಫೋನ್ ಮಾಡುತ್ತೇನೆ. ಅವನ ಪಕ್ಕ ನಿಂತರೆ ನಾನು ಕಡ್ಡಿಯ ಹಾಗೆ ಕಾಣುವುದು."